ಡೆಬಿಟ್ ಕಾರ್ಡ್‌ಗೂ ಸರ್‌ಚಾರ್ಜ್ ಯಾಕೆ?

ಪ್ರಶ್ನೆ:
2019ರಿಂದ ಮೂರು ವರ್ಷ ಜರ್ಮನಿಯಲ್ಲಿದ್ದೆ. ಅಂಗಡಿಯಲ್ಲಿ ಕಾರ್ಡ್ ಕೊಟ್ಟರೆ ಮೇಲೊಂದು ಪೈಸೆ ಹಿಡಿಯುತ್ತಿರಲಿಲ್ಲ. 2023ರಲ್ಲಿ ಮೆಲ್ಬರ್ನ್‌ಗೆ ಬಂದ ಮೊದಲ ವಾರವೇ ಬಿಲ್ಲಿನಲ್ಲಿ ‘ಸರ್‌ಚಾರ್ಜ್ 1.5%’ ಅಂತ, ಅಂದರೆ ಕಾರ್ಡ್ ಬಳಸಿದ್ದಕ್ಕೆ ಹೆಚ್ಚುವರಿ ಶುಲ್ಕ, ಕಂಡಿತು. ಅದೂ ಡೆಬಿಟ್ ಕಾರ್ಡ್‌ಗೆ! ಸಾಲ ತಗೊಂಡಿಲ್ಲ, ನನ್ನ ಖಾತೆಯ ದುಡ್ಡೇ ಅಲ್ವಾ? ಕೇಳಿದರೆ ಕೌಂಟರ್ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದರು. ಇದು ಸರಿಯಾ?

ಉತ್ತರ 1:
ನಾನು ಇಲ್ಲೇ ಒಂದು ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಪ್ರತಿ ಕಾರ್ಡ್ ಪಾವತಿಗೂ ಅಂಗಡಿಯವರು ಶುಲ್ಕ ಕೊಡಬೇಕು. ಅದರಲ್ಲಿ ಒಂದು ಪಾಲು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಇದಕ್ಕೆ ಇಂಟರ್‌ಚೇಂಜ್ ಅಂತಾರೆ. ಯುರೋಪಿಯನ್ ಒಕ್ಕೂಟ 2015ರಲ್ಲೇ ಇದಕ್ಕೆ ಕಡಿವಾಣ ಹಾಕಿತು: ಡೆಬಿಟ್‌ಗೆ 0.2%, ಕ್ರೆಡಿಟ್‌ಗೆ 0.3%. ಆಮೇಲೆ 2018ರ ಜನವರಿ 13ರಿಂದ ಈ ಕಾರ್ಡ್‌ಗಳಿಗೆ ಸರ್‌ಚಾರ್ಜ್ ಹಾಕಬಾರದು ಎಂದಿತು. ಹೊರೆ ಮೊದಲೇ ಇಳಿದಿತ್ತು, ಹಾಗಾಗಿ ಅಂಗಡಿಯವರು ತಡೆದುಕೊಂಡರು.

ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ 2003ರಲ್ಲಿ ಬೇರೆ ದಾರಿ ಹಿಡಿಯಿತು: ಅಂಗಡಿಯವರು ಸರ್‌ಚಾರ್ಜ್ ಹಾಕಬಹುದು ಎಂದಿತು. ಖರ್ಚು ಕಣ್ಣಿಗೆ ಕಂಡರೆ ಜನ ಅಗ್ಗದ ಕಾರ್ಡ್ ಬಳಸುತ್ತಾರೆ ಅನ್ನುವ ಯೋಚನೆ. ಒಳ್ಳೆಯ ಯೋಚನೆಯೇ. ಆದರೆ ಬಹಳ ಮೆಷಿನ್‌ಗಳಲ್ಲಿ ಡೆಬಿಟ್, ಕ್ರೆಡಿಟ್ ಎರಡಕ್ಕೂ ಒಂದೇ ದರ. ಆಗ ಅಗ್ಗದ್ದು ಆರಿಸಿಕೊಂಡು ಏನು ಲಾಭ? ನನಗೆ ನಿಜಕ್ಕೂ ಬೇಜಾರಾಗುವುದು ಇಲ್ಲೇ. ಅಂಗಡಿಗೆ ಬೀಳುವ ಖರ್ಚಿಗಿಂತ ಜಾಸ್ತಿ ಹಿಡಿಯಬಾರದು ಅಂತ ನಿಯಮವೇನೋ ಇದೆ.

ಒಂದು ಕೆಲಸ ಮಾಡಿ. ಕಾರ್ಡನ್ನು ಸುಮ್ನೆ ತಾಗಿಸಬೇಡಿ. ಮೆಷಿನ್ ಒಳಗೆ ಹಾಕಿ ‘ಸೇವಿಂಗ್ಸ್’ ಒತ್ತಿ. ಪಾವತಿ ಎಫ್ಟ್‌ಪೋಸ್ (ಆಸ್ಟ್ರೇಲಿಯಾದ್ದೇ ಡೆಬಿಟ್ ಪಾವತಿ ಜಾಲ) ಮೂಲಕ ಹೋಗುತ್ತದೆ. ಅದಕ್ಕೆ ಎಷ್ಟೋ ಕಡೆ ಸರ್‌ಚಾರ್ಜ್ ಇಲ್ಲ.

ಉತ್ತರ 2:
ಕೆನಡಾದಲ್ಲಿ 2022ರ ಅಕ್ಟೋಬರ್ 6ರಿಂದ ವೀಸಾ, ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡ್‌ಗೆ 2.4%ವರೆಗೆ ಸರ್‌ಚಾರ್ಜ್ ಹಾಕಬಹುದು. ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಅದೂ ಇಲ್ಲ. ಅಮೆರಿಕದಲ್ಲಿ ವೀಸಾ 2023ರ ಏಪ್ರಿಲ್‌ನಲ್ಲಿ ತನ್ನ ಮಿತಿಯನ್ನು 4%ರಿಂದ 3%ಕ್ಕೆ ಇಳಿಸಿತು. ಅಲ್ಲಿ ಡೆಬಿಟ್‌ಗೆ ಹಾಕುವಂತೆಯೇ ಇಲ್ಲ.

ಉತ್ತರ 3:
ಸರ್‌ಚಾರ್ಜ್ ನಿಷೇಧ ಮಾಡಿದರೆ ಖರ್ಚು ಮಾಯವಾಗುವುದಿಲ್ಲ. ಸಾಮಾನಿನ ಬೆಲೆಯಲ್ಲಿ ಸೇರಿಕೊಳ್ಳುತ್ತದೆ. ಆಗ ನಗದು ಕೊಡುವವರೂ ಅದನ್ನು ಹೊರಬೇಕು. ಅವರ ಬಗ್ಗೆ ಯಾರೂ ಕೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ನಗದಿನವರ ವಿಷಯ ನನಗೆ ಹೊಳೆದೇ ಇರಲಿಲ್ಲ. ಆದರೂ ಡೆಬಿಟ್‌ಗೂ ಕ್ರೆಡಿಟ್‌ಗೂ ಒಂದೇ ದರ ಹಾಕುವುದು ಅನ್ಯಾಯ ಅಂತಲೇ ಅನಿಸುತ್ತದೆ. ಇವತ್ತು ಅದೇ ಅಂಗಡಿಯಲ್ಲಿ ಕಾರ್ಡ್ ಒಳಗೆ ಹಾಕಿ ‘ಸೇವಿಂಗ್ಸ್’ ಒತ್ತಿದೆ. ಸರ್‌ಚಾರ್ಜ್ ಬರಲಿಲ್ಲ. ಥ್ಯಾಂಕ್ಸ್.