‘ತಳಿ’ ಅಂದರೆ ಕುರಿಯದ್ದೋ, ರೋಗಾಣುವಿನದ್ದೋ?

ಗೆಳೆಯರೇ,

ನಾನು ದಾವಣಗೆರೆ ಜಿಲ್ಲೆಯ ಜಗಳೂರು ಕಡೆ ಪಶುವೈದ್ಯ. ಕುರಿ ಸಾಕುವವರಿಗೆ ಕೊಡಲು ಎರಡು ಪುಟದ ಬರಹ ತಯಾರು ಮಾಡುತ್ತಿದ್ದೇನೆ. ರೋಗಾಣುವಿನ ಒಳಗುಂಪಿಗೆ (ಇಂಗ್ಲಿಷಿನ ‘ಸ್ಟ್ರೇನ್’) ಸರಿಯಾದ ಒಂದು ಪದ ಸಿಗದೆ ಕೆಲಸ ನಿಂತಿದೆ.

ವಿಷಯ ಲಿಸ್ಟೀರಿಯಾ. ಸರಿಯಾಗಿ ಹುಳಿ ಬರದ ರಸಮೇವಿನಲ್ಲಿ (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿಮೇವು, ಸೈಲೇಜ್) ಬೆಳೆದು ಕುರಿಯ ಮಿದುಳಿಗೆ ರೋಗ ತರುವ ರೋಗಾಣು ಅದು. ಹೋದ ತಿಂಗಳು ನೋಡಿದ ಕುರಿಯೊಂದು ಎಡಕ್ಕೇ ಗಿರಕಿ ಹೊಡೆಯುತ್ತಿತ್ತು. ಎಡಗಿವಿ ಜೋತು ಬಿದ್ದಿತ್ತು, ತುಟಿ ಓರೆಯಾಗಿ ಜೊಲ್ಲು ಸುರಿಯುತ್ತಿತ್ತು. ಬಾಯಿ ಬಿಡಿಸಿ ನೋಡಿದರೆ ಕೆನ್ನೆಯೊಳಗೆ ಅಗಿಯದ ಮೇವು ಉಂಡೆ ಕಟ್ಟಿತ್ತು. ಬಾಯಿಯ ಸಣ್ಣ ಗಾಯದಿಂದ ಹೊಕ್ಕ ರೋಗಾಣು ಬಾಯಿ-ಮುಖದ ನರವೊಂದನ್ನು ಹಿಡಿದು ಮಿದುಳಿನ ಬುಡ ಸೇರುತ್ತದೆ. ಅದಕ್ಕೇ ಮುಖದ ಒಂದೇ ಪಕ್ಕ ಸೋಲುವುದು. (ನಾಯಿಯ ಲಾಡಿಹುಳದ ಮರಿ ಮಿದುಳಲ್ಲಿ ನೀರುಗುಳ್ಳೆ ಮಾಡಿದರೂ ಕುರಿ ಗಿರಕಿ ಹೊಡೆಯುತ್ತದೆ. ಅದು ಬೇರೆ ರೋಗ.)

ಈ ರೋಗಾಣು ಒಂದೇ ಜಾತಿಯದಾದರೂ ಅದರಲ್ಲಿ ನಾಲ್ಕು ಮುಖ್ಯ ಕವಲುಗಳಿವೆ. ಕವಲಿನೊಳಗೆ ಮತ್ತೆ ಗುಂಪುಗಳು. ಮೊದಲ ಕವಲಿನ ಸಿಸಿ1 ಎಂಬ ಗುಂಪು ಯುರೋಪಿನಲ್ಲಿ ದನ-ಕುರಿಗಳ ಮಿದುಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಎರಡನೇ ಕವಲಿನವು ಮಣ್ಣು, ಆಹಾರದ ಕಾರ್ಖಾನೆಗಳಲ್ಲಿ ಜಾಸ್ತಿ. ಇದನ್ನು ಹೇಳಲು ‘ಒಂದು ತಳಿ ಹೆಚ್ಚು ಅಪಾಯ’ ಎಂದು ಬರೆದು ಒಬ್ಬ ಹಿರಿಯ ಕುರಿಗಾರರಿಗೆ ಓದಿ ಹೇಳಿದೆ. ಅವರು ನೆಮ್ಮದಿಯಿಂದ, “ನಮ್ಮವೆಲ್ಲ ಬಳ್ಳಾರಿ ತಳಿ ರೀ ಡಾಕ್ಟ್ರೇ. ಹಂಗಾರೆ ನಮಗೆ ಭಯ ಇಲ್ಲ ಬಿಡ್ರಿ” ಅಂದರು. ನನಗೆ ಎದೆ ಧಸಕ್ ಅಂತು. ನನ್ನ ಒಂದು ಪದ ನಂಬಿ ಅವರು ಕೆಟ್ಟ ರಸಮೇವನ್ನೇ ಹಾಕಿಬಿಡಬಹುದಿತ್ತು.

ಆಗ ಹೆಪ್ಪಿನ ಮಾತು ತೆಗೆದೆ. “ಅಜ್ಜಾ, ಹಾಲು ಒಂದೇ. ಎರಡು ಮನೆ ಹೆಪ್ಪು ಹಾಕಿದ್ರೆ ಮೊಸರು ಒಂದೇ ಥರ ಆಗ್ತದಾ?” ಇಲ್ಲ ಅಂತ ತಲೆ ಆಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು: “ಅಂದ್ರ ಈ ಹುಳದಾಗೂ ಬೆಡಗು ಅದಾವೇನ್ರೀ?”

ಆ ಮಾತು ತಲೆಯಲ್ಲೇ ಕೂತುಬಿಟ್ಟಿದೆ. ಈ ಕಡೆ ಕುರುಬರಲ್ಲಿ, ಬೇಡರಲ್ಲಿ ಬೆಡಗು ಎಂದರೆ ಒಂದೇ ಮೂಲದಿಂದ ಬಂದವರ ಬಳಗ, ಒಂದೇ ಬೆಡಗಿನವರು ಮದುವೆ ಆಗುವಂತಿಲ್ಲ. ರೋಗಾಣುವಿನ ಗುಂಪು ಕೂಡ ಒಂದೇ ಮೂಲದ ಸಂತಾನ ಅಲ್ವಾ? ಅರ್ಥಕ್ಕೆ ಇಷ್ಟು ಹೊಂದುವ ಪದ ನನಗೆ ಬೇರೆ ಸಿಕ್ಕಿಲ್ಲ. ಆದರೆ ಮೈಸೂರು ಕಡೆಯವರು ಬೆಡಗು ಎಂದರೆ ಸೊಗಸು ಅಂದುಕೊಳ್ಳಬಹುದು. ವಚನ ಓದಿದವರಿಗೆ ಒಗಟು ನೆನಪಾಗುತ್ತದೆ. ಅದಕ್ಕಿಂತ ದೊಡ್ಡ ಅಳುಕು ನನಗಿದೆ. ಜನ ತಮ್ಮ ಮನೆತನಕ್ಕೆ ಇಟ್ಟುಕೊಂಡ ಪದವನ್ನು ರೋಗಾಣುವಿಗೆ ಅಂಟಿಸಿದರೆ ಅವರ ಮನಸ್ಸು ನೋಯುವುದಿಲ್ಲವೇ? ಅಜ್ಜನ ಬಾಯಲ್ಲಿ ಅದು ಸಹಜವಾಗಿ ಬಂತು ನಿಜ. ಅಚ್ಚಿನಲ್ಲಿ ಬಂದರೆ ಹೇಗೋ. ‘ಒಳಬಗೆ’ ಅಂದರೆ ಯಾರಿಗೂ ನೋವಿಲ್ಲ, ಆದರೆ ಒಂದೇ ಮೂಲದ್ದು ಅನ್ನುವ ಅರ್ಥ ಬರುವುದಿಲ್ಲ.

ಇನ್ನೊಂದು ಕೇಳಬೇಕು. ರೋಗಾಣುವಿಗೆ ಇರುವ ಕೇಡು ಮಾಡುವ ಶಕ್ತಿಗೆ ಏನನ್ನೋಣ? ‘ತೀವ್ರತೆ’ ಕುರಿಗೆ ಬಂದ ರೋಗದ್ದು. ರೋಗಾಣು ಸಾಧುವಾಗಿದ್ದರೂ ಕುರಿ ಸೊರಗಿದ್ದರೆ ರೋಗ ತೀವ್ರವಾಗಬಹುದು. ‘ವಿಷ’ ಸೇರಿಸಿದರೆ ಮೇವಿಗೆ ಯಾರೋ ವಿಷ ಹಾಕಿದರು ಅನ್ನುವ ಅನುಮಾನ ಹುಟ್ಟುತ್ತದೆ. ‘ಕಸುವು’ ನನಗೆ ಇಷ್ಟ. ಆದರೆ ಮಣ್ಣಿಗೆ ಕಸುವಿದೆ ಎಂದು ಖುಷಿಯಿಂದ ಹೇಳುವ ಪದ ಅದು. ‘ಕೇಡಿನ ಕಸುವು’ ಎಂದರೆ ನಡೆದೀತೇ?

‘ರಸಮೇವು’ ಮಾತ್ರ ಎಲ್ಲರಿಗೂ ಗೊತ್ತು. ಮೆಕ್ಕೆಜೋಳದ ಜಿಲ್ಲೆ ನಮ್ಮದು. ರಸಮೇವು ಚೆನ್ನಾಗಿ ಹುಳಿ ಬಂದರೆ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸು ಇರುತ್ತದೆ. 5.5 ದಾಟಿದರೆ ಲಿಸ್ಟೀರಿಯಾ ಬೆಳೆಯುತ್ತದೆ, ತಂಪಿನಲ್ಲೂ ಬೆಳೆಯುತ್ತದೆ. ಇದನ್ನು ‘ಮೇವು ಹುಳಿ ಬಂದಿಲ್ಲ’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ನಿಮ್ಮ ಊರಲ್ಲಿ ಹೆಪ್ಪಿನ ಬಗೆಗಳಿಗೆ, ಬೀಜದ ಒಳಬಗೆಗಳಿಗೆ ಬೇರೆ ಹೆಸರಿದ್ದರೆ ತಿಳಿಸಿ. ಕುರಿ ಸಾಕುವ ಮನೆಯವರು ಯಾರಾದರೂ ಇಲ್ಲಿದ್ದರೆ, ‘ಬೆಡಗು’ ಬಳಸಬಹುದೋ ಬೇಡವೋ ಎಂದು ನೇರವಾಗಿ ಹೇಳಿ. ನೀವು ಬೇಡ ಅಂದರೆ ಬಿಟ್ಟುಬಿಡುತ್ತೇನೆ.