ತಾಹೋ ಪ್ರಯಾಣಕ್ಕೆ ಎಸ್‌ಯುವಿ: ಟೈರಿಗೆ ಚೈನ್ ಬೇಕೇ, ಕೇಬಲ್ ಸಾಕೇ?

ಪ್ರಶ್ನೆ (ಸನ್ನಿವೇಲ್‌ನಿಂದ)

ನಮಸ್ಕಾರ. ಮೈಸೂರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಡಿಸೆಂಬರ್ ಕೊನೆಯ ವಾರ ಸೌತ್ ಲೇಕ್ ತಾಹೋಗೆ ಕರೆದೊಯ್ಯಬೇಕೆಂದಿದ್ದೇವೆ. ಇಬ್ಬರೂ ಹಿಮ ಬೀಳುವುದನ್ನು ಈವರೆಗೆ ಕಣ್ಣಾರೆ ಕಂಡವರಲ್ಲ. 50ನೇ ಹೆದ್ದಾರಿಯಲ್ಲಿ ಎಕೋ ಸಮಿಟ್ ಘಟ್ಟ ದಾಟಿ ಹೋಗುವ ಯೋಚನೆ. ನಮ್ಮದು ಆಲ್ ವೀಲ್ ಡ್ರೈವ್ ಇರುವ ಮಧ್ಯಮ ಗಾತ್ರದ ಎಸ್‌ಯುವಿ; ಟೈರಿನ ಗಾತ್ರ 235/60 ಆರ್ 18, ಪಕ್ಕದಲ್ಲಿ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಎಂಬ ಗುರುತೂ ಇದೆ. ಆಲ್ ವೀಲ್ ಡ್ರೈವ್ ಇರುವವರಿಗೆ, ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನಿನ ಗೊಡವೆಯೇ ಬೇಡ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಎಸ್‌ಯುವಿಯಂತಹ ಭಾರದ ಗಾಡಿಗೆ ದಪ್ಪ ಕೊಂಡಿಯ ಉಕ್ಕಿನ ಚೈನೇ ಆಗಬೇಕು, ಕೇಬಲ್ ಮಕ್ಕಳಾಟ ಎಂದು ಅಂಗಡಿಯವರು ಹೇಳುತ್ತಾರೆ. ವರ್ಷಕ್ಕೆ ಒಂದೋ ಎರಡೋ ಸಲ ಬೆಟ್ಟ ಹತ್ತುವ ನಮ್ಮಂಥವರು ಯಾವುದನ್ನು ಕೊಳ್ಳುವುದು ಸರಿ? ಎರಡು ಚಕ್ರಕ್ಕೆ ಸಾಕೇ, ನಾಲ್ಕಕ್ಕೂ ಬೇಕೇ?

ಉತ್ತರ 1 (ಸ್ಯಾಕ್ರಮೆಂಟೊದಿಂದ)

ನಿಮ್ಮ ಸಹೋದ್ಯೋಗಿ ಹೇಳಿದ್ದು ಅರ್ಧ ಸರಿ, ಅಂಗಡಿಯವರು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು. ಮೊದಲು ಕಾನೂನನ್ನು ನೋಡೋಣ. ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ ಹಿಮ ಬಿದ್ದಾಗ ಕ್ಯಾಲ್‌ಟ್ರಾನ್ಸ್, ಅಂದರೆ ರಾಜ್ಯದ ಸಾರಿಗೆ ಇಲಾಖೆ, ಮೂರು ಹಂತದ ಚೈನ್ ನಿಯಂತ್ರಣ ಹೇರುತ್ತದೆ. ‘ಆರ್ 1’ ಇದ್ದಾಗ ಆಲ್ ವೀಲ್ ಡ್ರೈವ್ ಗಾಡಿಗಳಿಗೆ ವಿನಾಯಿತಿ ಇರುತ್ತದೆ. ‘ಆರ್ 2’ ಇದ್ದಾಗ ನಾಲ್ಕೂ ಚಕ್ರಗಳಲ್ಲಿ ಹಿಮಕ್ಕೆ ಒಪ್ಪುವ ಟೈರುಗಳಿರುವ ಆಲ್ ವೀಲ್ ಡ್ರೈವ್ ಗಾಡಿಗಳನ್ನು ಮಾತ್ರ ಚೈನಿಲ್ಲದೆ ಬಿಡುತ್ತಾರೆ. ‘ಆರ್ 3’ ಬಂದರೆ ಯಾರಿಗೂ ವಿನಾಯಿತಿಯಿಲ್ಲ, ಆದರೆ ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿರುತ್ತಾರೆ. ಸಹೋದ್ಯೋಗಿ ಮರೆತಿರುವ ಮಾತೆಂದರೆ, ನಿಯಂತ್ರಣದ ಪ್ರದೇಶದೊಳಗೆ ಹೋಗುವ ಆಲ್ ವೀಲ್ ಡ್ರೈವ್ ಗಾಡಿಯಲ್ಲೂ ಚೈನ್ ಅಥವಾ ಕೇಬಲ್ ಜೊತೆಗಿರಲೇಬೇಕು. ಟೈರಿನ ಮೇಲೆ ‘ಎಂ ಪ್ಲಸ್ ಎಸ್’ ಎಂದಿದ್ದರಷ್ಟೇ ಸಾಲದು. ಟೈರಿನ ಮೈಮೇಲಿನ ಉಬ್ಬುತಗ್ಗಿಗೆ ಊರಲ್ಲಿ ನಾವು ‘ಬಟನ್’ ಎನ್ನುತ್ತೇವಲ್ಲ, ಅದರ ಆಳ ಕನಿಷ್ಠ ಇಂಚಿನ 32ರಲ್ಲಿ 6 ಭಾಗ, ಅಂದರೆ ಐದು ಮಿಲಿಮೀಟರಿನ ಹತ್ತಿರ ಇರಬೇಕು.

ಇನ್ನು ಚೈನೋ ಕೇಬಲ್ಲೋ ಎಂಬ ಪ್ರಶ್ನೆ. ಇದನ್ನು ತೀರ್ಮಾನಿಸುವುದು ಗಾಡಿಯ ಭಾರವೂ ಅಲ್ಲ, ಅಂಗಡಿಯವರೂ ಅಲ್ಲ. ಟೈರಿನ ಒಳಮೈಗೂ ಅದರ ಪಕ್ಕದ ಶಾಕ್ ಅಬ್ಸಾರ್ಬರ್ ಕಂಬಕ್ಕೂ ನಡುವೆ ಇರುವ ಸಂದು. ಹೊರಗಿನಿಂದ ನೋಡಿದರೆ ಎಸ್‌ಯುವಿಯ ಚಕ್ರದ ಮೇಲೆ ಅಂಗೈ ಹೋಗುವಷ್ಟು ಜಾಗ ಕಾಣುತ್ತದೆ, ಆದ್ದರಿಂದ ಯಾವ ಚೈನಾದರೂ ಹಿಡಿಯುತ್ತದೆ ಎಂದು ಎಲ್ಲರೂ ಮೋಸ ಹೋಗುತ್ತಾರೆ. ಈಗಿನ ಎಸ್‌ಯುವಿಗಳಲ್ಲಿ ಬಹುಪಾಲು ಒಳಗೊಳಗೆ ಕಾರುಗಳೇ ಆಗಿರುವುದರಿಂದ ಒಳಬದಿಯಲ್ಲಿ ಜಾಗ ತೀರಾ ಕಡಿಮೆ. ಇಂತಹ ಗಾಡಿಗಳಿಗಾಗಿಯೇ ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯವರು ‘ಕ್ಲಾಸ್ ಎಸ್’ ಎಂಬ ವರ್ಗವನ್ನು ಮಾಡಿದ್ದಾರೆ. ಅದರ ಪ್ರಕಾರ ಟೈರಿನ ನೆತ್ತಿಯ ಮೇಲೆ ಸುಮಾರು 37 ಮಿಲಿಮೀಟರ್, ಒಳಪಕ್ಕದಲ್ಲಿ 15 ಮಿಲಿಮೀಟರ್ ಸಂದು ಇದ್ದರೆ ಸಾಕು. ದಪ್ಪ ಕೊಂಡಿಯ ಏಣಿಯಾಕಾರದ ಸಾಂಪ್ರದಾಯಿಕ ಚೈನುಗಳಲ್ಲಿ ಹೆಚ್ಚಿನವು ಇದಕ್ಕಿಂತ ಹೆಚ್ಚು ಜಾಗ ಕೇಳುತ್ತವೆ. ಜಾಗವಿಲ್ಲದ ಕಡೆ ಅವನ್ನು ಕಟ್ಟಿದರೆ ಬ್ರೇಕಿನ ಕೊಳವೆಗೋ ಎಬಿಎಸ್ ತಂತಿಗೋ ಉಜ್ಜುತ್ತವೆ, ಮತ್ತು ಅದು ಗೊತ್ತಾಗುವುದು ಬೆಟ್ಟ ಇಳಿಯುವಾಗ.

ಹಾಗಾಗಿ ಮೊದಲು ಗಾಡಿಯ ಕೈಪಿಡಿಯಲ್ಲಿ ಚೈನಿನ ಪುಟ ತೆಗೆದು ಓದಿ. ಯಾವ ಚಕ್ರಗಳಿಗೆ ಕಟ್ಟಬೇಕು, ಯಾವ ಬಗೆಯದು ಆಗಬಹುದು ಎಂದು ಅಲ್ಲಿ ಬರೆದಿರುತ್ತದೆ. ಮುಂದಿನ ಚಕ್ರವೇ ಮುಖ್ಯವಾಗಿರುವ ಆಲ್ ವೀಲ್ ಡ್ರೈವ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡಕ್ಕೆ ಕಟ್ಟುವಂತೆ ಹೇಳಿರುತ್ತಾರೆ. ಹಿಂದೆ ಕಟ್ಟಲು ಜಾಗವೇ ಇಲ್ಲದಿದ್ದರೆ ನಾಲ್ಕಕ್ಕೂ ಬೇಕೆಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು. ಕೈಪಿಡಿ ಓದಿದ ಮೇಲೂ ಅನುಮಾನವಿದ್ದರೆ ನಾನು ಮಾಡಿದ್ದನ್ನು ಮಾಡಿ: ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಟೈರಿನ ಒಳಮೈಗೂ ಕಂಬಕ್ಕೂ ನಡುವೆ ಅತ್ಯಂತ ಇಕ್ಕಟ್ಟಾದ ಕಡೆ ಚಪಾತಿ ಹಿಟ್ಟಿನ ಉಂಡೆಯೊಂದನ್ನು ಒತ್ತಿ, ಮೆಲ್ಲಗೆ ಹೊರತೆಗೆದು, ಅದರ ದಪ್ಪವನ್ನು ಸ್ಕೇಲಿನಲ್ಲಿ ಅಳೆಯಿರಿ. ನಂತರ ಸ್ಟೀರಿಂಗನ್ನು ಇನ್ನೊಂದು ಕಡೆಗೆ ತಿರುಗಿಸಿ ಮತ್ತೊಮ್ಮೆ ಅಳೆಯಿರಿ. ಆ ಹಿಟ್ಟನ್ನು ಮಾತ್ರ ಮತ್ತೆ ಅಡುಗೆಮನೆಗೆ ತರಬೇಡಿ.

ಹಿಡಿತದ ಮಾತನ್ನೂ ಹೇಳಿಬಿಡುತ್ತೇನೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೆ ಕೊಂಡಿಯ ಚೈನು ಕೇಬಲ್ಲಿಗಿಂತ ಚೆನ್ನಾಗಿ ಕಚ್ಚುತ್ತದೆ, ಬಾಳಿಕೆಯೂ ಹೆಚ್ಚು. ಕೇಬಲ್ಲಿನಲ್ಲಿ ಉಕ್ಕಿನ ಹುರಿಯ ಮೇಲೆ ಸಣ್ಣ ಉರುಳೆಗಳನ್ನು ಪೋಣಿಸಿರುತ್ತಾರೆ. ಅದು ಹಗುರ, ಕಟ್ಟುವುದು ಸುಲಭ, ಸದ್ದೂ ಕಡಿಮೆ, ಆದರೆ ಡಾಂಬರಿನ ಮೇಲೆ ಓಡಿಸಿದರೆ ಬೇಗ ಸವೆಯುತ್ತದೆ. ಚೈನ್ ನಿಯಂತ್ರಣವಿರುವಾಗ ವೇಗದ ಮಿತಿ ಹೇಗಿದ್ದರೂ ಗಂಟೆಗೆ 25ರಿಂದ 30 ಮೈಲಿ. ವರ್ಷಕ್ಕೊಮ್ಮೆ ಹತ್ತಿಪ್ಪತ್ತು ಮೈಲಿ ಆ ವೇಗದಲ್ಲಿ ಸಾಗುವವರಿಗೆ ಸರಿಯಾದ ಅಳತೆಯ ಕೇಬಲ್ ಸಾಕಷ್ಟಾಯಿತು.

ಉತ್ತರ 2 (ಫ್ರೀಮಾಂಟ್‌ನಿಂದ)

ಮೇಲಿನವರು ಆಯ್ಕೆಯ ಬಗ್ಗೆ ಹೇಳಿದ್ದಾರೆ, ನಾನು ಕಟ್ಟುವುದರ ಬಗ್ಗೆ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ನಡೆದದ್ದು ಯುದ್ಧಕಾಲೇ ಶಸ್ತ್ರಾಭ್ಯಾಸ. ಕೆಲವು ವರ್ಷಗಳ ಹಿಂದೆ 80ನೇ ಹೆದ್ದಾರಿಯಲ್ಲಿ ಡಾನರ್ ಸಮಿಟ್ ಕಡೆಗೆ ಹೋಗುವಾಗ ಕಿಂಗ್‌ವೇಲ್ ಬಳಿ ಎಲ್ಲರನ್ನೂ ಬದಿಗೆ ನಿಲ್ಲಿಸಿದರು. ಕತ್ತಲಾಗಿತ್ತು, ಗಾಳಿ ಬೀಸುತ್ತಿತ್ತು. ಅಂಗಡಿಯಿಂದ ತಂದ ಕೇಬಲ್ಲಿನ ಪೊಟ್ಟಣವನ್ನು ನಾವು ಅಲ್ಲಿಯವರೆಗೆ ಒಡೆದೇ ಇರಲಿಲ್ಲ. ನಾನು ಹಿಮದ ಮೇಲೆ ಮಂಡಿಯೂರಿ ಕಟ್ಟುತ್ತಿದ್ದೆ, ನಮ್ಮ ಯಜಮಾನರು ಮೊಬೈಲಿನ ಬೆಳಕಿನಲ್ಲಿ ಸೂಚನೆಯ ಹಾಳೆಯನ್ನು ಓದಿ ಹೇಳುತ್ತಿದ್ದರು. ಉಣ್ಣೆಯ ಕೈಗವಸು ಒದ್ದೆಯಾಗಿ ಬೆರಳುಗಳು ಮರಗಟ್ಟಿದ್ದರಿಂದ ಒಳಬದಿಯ ಕೊಕ್ಕೆ ಸಿಕ್ಕಿಕೊಂಡಿತೋ ಇಲ್ಲವೋ ಎಂದು ತಿಳಿಯಲಿಲ್ಲ. ಸಿಕ್ಕಿಕೊಂಡಿರಲಿಲ್ಲ. ಒಂದು ಮೈಲಿ ಹೋಗುವಷ್ಟರಲ್ಲಿ ಚಕ್ರದ ಕಡೆಯಿಂದ ಟಪ್ ಟಪ್ ಎಂದು ಹೊಡೆಯುವ ಸದ್ದು ಶುರುವಾಯಿತು. ನಿಲ್ಲಿಸಿ ನೋಡಿದಾಗ ಬಿಡಿಸಿಕೊಂಡ ಕೇಬಲ್ಲು ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಹರಿದು ಹಾಕಿತ್ತು. ಕೇಬಲ್ಲಿಗೆ ಕೊಟ್ಟದ್ದು 90 ಡಾಲರ್, ಹೊದಿಕೆಯ ರಿಪೇರಿಗೆ ಅದರ ಮೂರು ಪಟ್ಟು. ಮೂಗಿಗಿಂತ ಮೂಗುತಿ ಭಾರವಾಯಿತು.

ಆದ್ದರಿಂದ ಮನೆಯ ಮುಂದೆ, ಹಗಲಿನಲ್ಲಿ, ಒಣ ನೆಲದ ಮೇಲೆ ಎರಡು ಸಲವಾದರೂ ಕಟ್ಟಿ ಬಿಚ್ಚಿ. ಎಲ್ಲೂ ತಿರುಚಿಕೊಳ್ಳದಂತೆ ಮೊದಲು ನೆಲದ ಮೇಲೆ ಹಾಸಿ, ಕೊಕ್ಕೆಯ ತೆರೆದ ಬಾಯಿ ಟೈರಿನ ಕಡೆಗಿರದೆ ಹೊರಗಿರುವಂತೆ ನೋಡಿಕೊಳ್ಳಿ. ಒಳಬದಿಯನ್ನು ಮೊದಲು ಸಿಕ್ಕಿಸಿ, ನಂತರ ಹೊರಬದಿಯನ್ನು ಬಿಗಿಯಿರಿ. ನಿಜವಾಗಿ ಹಿಮದಲ್ಲಿ ಕಟ್ಟಿದಾಗ ಐವತ್ತು ನೂರು ಮೀಟರ್ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಯಬೇಕು. ಈ ಎರಡನೇ ಬಿಗಿತವನ್ನು ಬಿಡುವವರೇ ಹೆಚ್ಚು. ರಬ್ಬರಿನ ಕೈಗವಸು, ತಲೆಗೆ ಕಟ್ಟಿಕೊಳ್ಳುವ ದೀಪ, ಮಂಡಿಯ ಕೆಳಗೆ ಹಾಕಲು ಹಳೆಯ ಯೋಗದ ಚಾಪೆ ಇವು ಗಾಡಿಯಲ್ಲಿರಲಿ.

ಕೈಲಾಗದಿದ್ದರೆ ಹಣ ಪಡೆದು ಕಟ್ಟಿಕೊಡುವವರು ದಾರಿಬದಿಯಲ್ಲಿರುತ್ತಾರೆ. ಅವರು ಕ್ಯಾಲ್‌ಟ್ರಾನ್ಸ್ ನೌಕರರಲ್ಲ, ಪರವಾನಗಿ ಪಡೆದ ಸ್ವತಂತ್ರ ಕೆಲಸಗಾರರು. ರಸೀತಿ ಕೇಳಿ, ಅವರ ಬಿಲ್ಲೆಯ ಸಂಖ್ಯೆ ಬರೆದುಕೊಳ್ಳಿ. ಚೈನ್ ಮಾರುವುದಕ್ಕೂ ಬಾಡಿಗೆಗೆ ಕೊಡುವುದಕ್ಕೂ ಅವರಿಗೆ ಅನುಮತಿಯಿಲ್ಲ, ಆದ್ದರಿಂದ ನಿಮ್ಮದು ನಿಮ್ಮ ಬಳಿ ಇರಲೇಬೇಕು.

ಉತ್ತರ 3 (ಸಿಯಾಟಲ್‌ನಿಂದ)

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಚಳಿಗಾಲದಲ್ಲಿ ಪದೇ ಪದೇ ಸ್ನೋಕ್ವಾಲ್ಮಿ ಕಣಿವೆ ದಾಟುವ ನನಗೆ ಚೈನಿಗಿಂತ ಮೂರು ಶಿಖರ ಮತ್ತು ಹಿಮಹರಳಿನ ಚಿಹ್ನೆಯಿರುವ ಟೈರುಗಳೇ ಹೆಚ್ಚು ಉಪಯೋಗಕ್ಕೆ ಬಂದಿವೆ. ‘ಎಂ ಪ್ಲಸ್ ಎಸ್’ ಎಂಬುದು ಬಟನ್ನಿನ ವಿನ್ಯಾಸವನ್ನು ನೋಡಿ ಹಾಕುವ ಗುರುತು. ಶಿಖರದ ಚಿಹ್ನೆ ಹಿಮದ ಮೇಲೆ ಪರೀಕ್ಷೆ ಮಾಡಿದ ನಂತರ ಸಿಗುವಂಥದ್ದು. ಆಲ್ ವೀಲ್ ಡ್ರೈವ್ ನಿಂತ ಗಾಡಿಯನ್ನು ಹೊರಡಿಸಲು ನೆರವಾಗುತ್ತದೆಯೇ ಹೊರತು ಓಡುವ ಗಾಡಿಯನ್ನು ನಿಲ್ಲಿಸಲು ಅಲ್ಲ. ಬ್ರೇಕು ಒತ್ತಿದಾಗ ಕೆಲಸಕ್ಕೆ ಬರುವುದು ಟೈರು ಮಾತ್ರ. ಆದರೂ ಚೈನ್ ಒಯ್ಯುವುದನ್ನು ಬಿಟ್ಟಿಲ್ಲ, ಏಕೆಂದರೆ ವಾಷಿಂಗ್ಟನ್ ರಾಜ್ಯದಲ್ಲಿ ಕಟ್ಟಬೇಕೆಂದಾಗ ಕಟ್ಟದಿದ್ದರೆ 500 ಡಾಲರ್‌ವರೆಗೆ ದಂಡವಿದೆ. ವರ್ಷಕ್ಕೊಮ್ಮೆ ಹೋಗುವ ನಿಮಗೆ ಬೇರೆ ಟೈರುಗಳ ಖರ್ಚು ದುಂದೇ ಸರಿ, ಆದರೆ ಮುಂದಿನ ಸಲ ಟೈರು ಬದಲಿಸುವಾಗ ಆ ಚಿಹ್ನೆ ಇರುವುದನ್ನೇ ಕೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಕೈಪಿಡಿಯಲ್ಲಿ ಮುಂದಿನ ಚಕ್ರಗಳಿಗೆ ಮಾತ್ರ, ಅದೂ ಕ್ಲಾಸ್ ಎಸ್ ಕೇಬಲ್ ಮಾತ್ರ ಎಂದು ಸ್ಪಷ್ಟವಾಗಿ ಬರೆದಿದೆ. ಹಿಟ್ಟಿನ ಉಂಡೆ 19 ಮಿಲಿಮೀಟರ್ ತೋರಿಸಿತು, ಅಂಗಡಿಯವರ ದಪ್ಪ ಚೈನಿನ ಆಸೆಯನ್ನು ಅಲ್ಲಿಗೇ ಬಿಟ್ಟೆ. ಕೇಬಲ್ ತಂದು ನಿನ್ನೆ ಮನೆಯ ಮುಂದೆ ಕಟ್ಟಿ ನೋಡಿದೆ. ಮೊದಲ ಚಕ್ರಕ್ಕೆ 25 ನಿಮಿಷ ಹಿಡಿಯಿತು, ಎರಡನೆಯದಕ್ಕೆ 9. ಕಿಟಕಿಯಿಂದ ನೋಡುತ್ತಿದ್ದ ಅಮ್ಮ, ದಸರಾ ಆನೆಯ ಕಾಲಿಗೆ ಸರಪಳಿ ಹಾಕುವ ಮಾವುತ ಇದಕ್ಕಿಂತ ಬೇಗ ಮುಗಿಸುತ್ತಾನೆ ಎಂದರು. ಒಂದೇ ಒಂದು ಸಂದೇಹ ಉಳಿದಿದೆ: ‘ಆರ್ 2’ ಇದ್ದು, ನನ್ನ ಟೈರು ನೋಡಿ ಹಾಗೆಯೇ ಬಿಟ್ಟರೆ, ಕೇಬಲ್ ಕಟ್ಟದೆ ಮುಂದುವರಿಯಲೇ?

ಉತ್ತರ 1 ಬರೆದವರಿಂದ

ಕಾನೂನಿನ ಪ್ರಕಾರ ಮುಂದುವರಿಯಬಹುದು. ಆದರೆ ಎಕೋ ಸಮಿಟ್ ಸುಮಾರು 7,380 ಅಡಿ ಎತ್ತರದಲ್ಲಿದೆ, ಅಲ್ಲಿಂದ ಮೈಯರ್ಸ್ ಕಡೆಗೆ ಇಳಿಯುವ ದಾರಿ ಕಡಿದು ಮತ್ತು ತಿರುವಿನದು. ಹತ್ತುವಾಗಲೇ ಚಕ್ರ ಜಾರಿದಂತೆ ಅನಿಸಿದರೆ ಇಳಿಜಾರು ಬರುವ ಮೊದಲೇ, ಅಗಲವಾದ ಜಾಗದಲ್ಲಿ, ಓಡಾಡುವ ಗಾಡಿಗಳಿಂದ ದೂರ ನಿಲ್ಲಿಸಿ ಕಟ್ಟಿಬಿಡಿ. ಮುಂದಿನ ಚಕ್ರಗಳಿಗೆ ಮಾತ್ರ ಕಟ್ಟಿರುವಾಗ ಗಾಡಿಯ ಹಿಂಭಾಗ ಜಾರುವ ಸಾಧ್ಯತೆ ಇರುವುದರಿಂದ, ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಟ್ಟು, ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕನ್ನು ಮುಟ್ಟಬೇಡಿ. ಹೊರಡುವ ದಿನ ಬೆಳಗ್ಗೆ ಕ್ಯಾಲ್‌ಟ್ರಾನ್ಸಿನ ಕ್ವಿಕ್‌ಮ್ಯಾಪ್ ಎಂಬ ಆನ್‌ಲೈನ್ ರಸ್ತೆ ನಕ್ಷೆ ನೋಡಿ. ನಿಯಂತ್ರಣ ಮುಗಿದು ಡಾಂಬರು ಕಂಡ ಕೂಡಲೇ ಬಿಚ್ಚಿ. ಮನೆಗೆ ಬಂದ ಮೇಲೆ ಬಕೆಟ್ಟಿನ ನೀರಿನಲ್ಲಿ ಉಪ್ಪು ಮರಳನ್ನೆಲ್ಲ ತೊಳೆದು, ಪೂರ್ತಿ ಒಣಗಿಸಿ ಚೀಲಕ್ಕೆ ಹಾಕಿಡಿ. ಒದ್ದೆಯಾಗಿಯೇ ಇಟ್ಟ ನನ್ನ ಮೊದಲ ಜೊತೆ ಮುಂದಿನ ಚಳಿಗಾಲಕ್ಕೆ ತುಕ್ಕು ಹಿಡಿದು ಒಂದೇ ಮುದ್ದೆಯಾಗಿತ್ತು.