ಕತ್ತು ನೋವಿಗೆ ಕೈರೋಪ್ರಾಕ್ಟರ್, ಜೊತೆಗೆ ಅಕ್ಯುಪಂಕ್ಚರ್: ಯಾರ ಹತ್ತಿರ ಹೋಗಬೇಕು?

ಪ್ರಶ್ನೆ:
ಮೇಡಂ, ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ನಮ್ಮ ಯಜಮಾನರಿಗೆ 46 ವರ್ಷ, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೆಲಸ. ಐದು ವಾರದಿಂದ ಕತ್ತು ನೋವು. ಈಗ ನೋವು ಬಲಗೈಗೆ ಇಳಿದು ಹೆಬ್ಬೆರಳು, ತೋರುಬೆರಳು ಜುಮ್ ಅನ್ನುತ್ತವೆ. ಹತ್ತಿರದ ಒಂದು ಕೈರೋಪ್ರಾಕ್ಟಿಕ್ (ಬೆನ್ನು, ಕತ್ತಿನ ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸುವ ಚಿಕಿತ್ಸೆ) ಕ್ಲಿನಿಕ್‌ನಲ್ಲಿ ಅಕ್ಯುಪಂಕ್ಚರ್ (ಸೂಜಿ ಚಿಕಿತ್ಸೆ) ಕೂಡ ಮಾಡುತ್ತಾರಂತೆ. ಫೋನ್ ಮಾಡಿದರೆ, 24 ಸಿಟ್ಟಿಂಗ್‌ಗೆ ಮೊದಲೇ ದುಡ್ಡು ಕಟ್ಟಿದರೆ ರಿಯಾಯಿತಿ ಅಂದರು. ಕತ್ತು ಲಟಕ್ ಅನ್ನಿಸುವ ವಿಡಿಯೊಗಳನ್ನು ನೋಡಿ ನನಗೆ ತುಂಬ ಭಯ. ಒಳ್ಳೆಯವರನ್ನು ಹೇಗೆ ಆರಿಸಬೇಕು?

ಉತ್ತರ:
ನಮಸ್ಕಾರ. ನಾನು ಸ್ಯಾನ್ ಹೋಸೆಯಲ್ಲಿ ಕೈರೋಪ್ರಾಕ್ಟರ್. ಸೂಜಿ ನಾನು ಹಾಕುವುದಿಲ್ಲ, ಪಕ್ಕದ ಕೋಣೆಯ ಅಕ್ಯುಪಂಕ್ಚರಿಸ್ಟ್ ಹಾಕುತ್ತಾರೆ. ಅದಕ್ಕೊಂದು ಕಾರಣ ಇದೆ. ಕ್ಯಾಲಿಫೋರ್ನಿಯಾದಲ್ಲಿ ಬರೀ ಕೈರೋಪ್ರಾಕ್ಟರ್ ಲೈಸೆನ್ಸ್ ಇಟ್ಟುಕೊಂಡು ಸೂಜಿ ಹಾಕುವಂತಿಲ್ಲ. ಅದಕ್ಕೆ ಅಕ್ಯುಪಂಕ್ಚರ್ ಬೋರ್ಡಿನ ಬೇರೆ ಲೈಸೆನ್ಸ್ ಬೇಕು. ಕೆಲವು ರಾಜ್ಯಗಳಲ್ಲಿ ಹೆಚ್ಚಿನ ತರಬೇತಿ ಪಡೆದ ಕೈರೋಪ್ರಾಕ್ಟರ್‌ಗಳೂ ಸೂಜಿ ಹಾಕಬಹುದು. ಗೊಂದಲ ಆಗುವುದು ಅದರಿಂದಲೇ. ಹೆಸರಿನ ಜೊತೆ ಡಿ.ಸಿ. ಅಂತ ಇದ್ದರೆ ಕೈರೋಪ್ರಾಕ್ಟರ್, ಎಲ್.ಎಸಿ. ಅಂತ ಇದ್ದರೆ ಅಕ್ಯುಪಂಕ್ಚರಿಸ್ಟ್. ರಾಜ್ಯದ ಡಿಪಾರ್ಟ್‌ಮೆಂಟ್ ಆಫ್ ಕನ್ಸ್ಯೂಮರ್ ಅಫೇರ್ಸ್ ವೆಬ್‌ಸೈಟ್‌ನಲ್ಲಿ ಅವರ ಹೆಸರು ಹುಡುಕಿ. ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಶಿಸ್ತು ಕ್ರಮ ಆಗಿದೆಯಾ ಎಂದು ಗೊತ್ತಾಗುತ್ತದೆ.

ಆದರೆ ನಿಜವಾದ ಪರೀಕ್ಷೆ ಮೊದಲ ಭೇಟಿ. ನಿಮ್ಮ ಯಜಮಾನರ ಬೆರಳು ಜುಮ್ ಅನ್ನುತ್ತಿದೆ ಅಂದರಲ್ಲ, ಕತ್ತಿನ ಐದನೇ ಮತ್ತು ಆರನೇ ಮೂಳೆಗಳ ನಡುವೆ ಹೊರಬರುವ ನರ ಒತ್ತಿಕೊಂಡಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಹಾಗಾಗಿ ಮೊದಲು ಕತ್ತನ್ನು ಎಲ್ಲ ಕಡೆ ತಿರುಗಿಸಿ ನೋಡಬೇಕು. ಸಣ್ಣ ಸುತ್ತಿಗೆಯಿಂದ ಮೊಣಕೈ ತಟ್ಟಿ ನೋಡಬೇಕು. ಕೈಯ ಬಲ, ಚರ್ಮದ ಸ್ಪರ್ಶ ನೋಡಬೇಕು. ನಡೆಯಲು ಹೇಳಬೇಕು. ಅಂಗಿ ಗುಂಡಿ ಹಾಕಲು ಕಷ್ಟವಾ, ಮೂತ್ರದ ಹಿಡಿತ ತಪ್ಪಿದೆಯಾ ಅಂತ ಕೇಳಬೇಕು. ಇದಕ್ಕೆ ಹೌದು ಅಂದರೆ ಬೆನ್ನುಹುರಿಯೇ ಒತ್ತಿರಬಹುದು, ಆಗ ಕತ್ತಿಗೆ ಕೈ ಹಚ್ಚದೆ ಡಾಕ್ಟರ್ ಹತ್ತಿರ ಕಳಿಸಬೇಕು. ಇಷ್ಟಕ್ಕೆ ಅರ್ಧ ಗಂಟೆಯಾದರೂ ಬೇಕು. ಮಲಗಿಸಿದ ಐದೇ ನಿಮಿಷಕ್ಕೆ ಕತ್ತು ತಿರುಗಿಸಲು ಬಂದರೆ ಎದ್ದು ಬನ್ನಿ.

ನಿಮ್ಮ ಭಯ ಸುಮ್ನೆ ಅಲ್ಲ. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತುಗಳ ಒಳಗೇ ಹಾದು ಹೋಗುತ್ತವೆ. ಅವುಗಳ ಒಳಪದರ ಸೀಳಿದರೆ ಪಾರ್ಶ್ವವಾಯು ಆಗಬಹುದು. ಬಹಳ ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ದೊಡ್ಡ ಅನಾಹುತ. ನಾಳ ಮೊದಲೇ ಸೀಳಿ, ಆ ನೋವಿಗೇ ಕ್ಲಿನಿಕ್‌ಗೆ ಬಂದವರೂ ಇರುತ್ತಾರೆ. ಅದಕ್ಕೇ ಎಂದೂ ಇಲ್ಲದಂಥ ಹೊಸ ಕತ್ತು ನೋವು ಅಥವಾ ತಲೆನೋವು ಬಂದು, ಜೊತೆಗೆ ತಲೆ ಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖ ಮರಗಟ್ಟುವುದು ಇವುಗಳಲ್ಲಿ ಒಂದಿದ್ದರೂ 911ಕ್ಕೆ ಫೋನ್ ಮಾಡಿ. ಚಿಕಿತ್ಸೆ ಆದ ಮೇಲೆ ಕಂಡರೂ ಅಷ್ಟೇ.

"ನೆಟಿಗೆ ತೆಗೆಯುವುದು ಬೇಡ" ಅಂತ ಹೇಳುವ ಹಕ್ಕು ನಿಮಗಿದೆ. ಮೆಲ್ಲಗೆ ಕೀಲು ಆಡಿಸುವುದು, ಕೈಯಿಂದ ಎಳೆಯುವುದು, ವ್ಯಾಯಾಮ, ಇವಕ್ಕೆಲ್ಲ ಲಟಕ್ ಶಬ್ದ ಬೇಕಿಲ್ಲ. ಇಂಥ ನರದ ನೋವು ಹೆಚ್ಚಿನವರಿಗೆ ವಾರಗಳಲ್ಲಿ, ಕೆಲವು ತಿಂಗಳಲ್ಲಿ ಆಪರೇಷನ್ ಇಲ್ಲದೆ ಇಳಿಯುತ್ತದೆ. ಸೂಜಿಯಿಂದ ಕೆಲವರಿಗೆ ನೋವು ತಗ್ಗಿ ನಿದ್ದೆ ಬರುತ್ತದೆ. ಅದರಿಂದ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಸರಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೂಜಿ ಒಮ್ಮೆ ಬಳಸಿ ಬಿಸಾಡುವಂಥದ್ದೇ ಆಗಿರಬೇಕು, ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಭುಜದ ಮೇಲ್ಭಾಗದಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತಾಗಬಹುದು, ಅದಕ್ಕೇ ಕಲಿತ ಕೈ ಬೇಕು ಅನ್ನುವುದು.

24 ಸಿಟ್ಟಿಂಗ್‌ಗೆ ಈಗಲೇ ದುಡ್ಡು ಕಟ್ಟಬೇಡಿ. ಪರೀಕ್ಷೆಯನ್ನೇ ಮಾಡದೆ ಲೆಕ್ಕ ಹೇಳಿದ್ದಾರೆ, ಅಲ್ವಾ? ನಾನು ಐದಾರು ಭೇಟಿ ಆದ ಮೇಲೆ ಮತ್ತೆ ಅಳೆದು ನೋಡುತ್ತೇನೆ. ಬದಲಾವಣೆ ಇಲ್ಲದಿದ್ದರೆ ನಿಲ್ಲಿಸಿ ಬೇರೆಯವರ ಹತ್ತಿರ ಕಳಿಸುತ್ತೇನೆ.

ಇನ್ನೊಬ್ಬರು:
ಮೇಡಂ, ನಮ್ಮ ಅಮ್ಮ ಹಾಸನದಿಂದ ಬಂದಿದ್ದಾರೆ. 72 ವರ್ಷ, ರುಮಟಾಯ್ಡ್ (ಕೀಲುವಾತ) ಇದೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ. ಅವರನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ:
ಅಮ್ಮನ ಕತ್ತನ್ನು ಯಾರೂ ರಭಸವಾಗಿ ತಿರುಗಿಸಬಾರದು. ರುಮಟಾಯ್ಡ್ ಇದ್ದವರಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳನ್ನು ಹಿಡಿದಿರುವ ಕಟ್ಟು ಸಡಿಲವಾಗಿರಬಹುದು. ಊರಿನ ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿಕೊಳ್ಳುವ ಅಭ್ಯಾಸ ಮನೆಯ ಹಿರಿಯರಿಗೆ ಇದ್ದರೆ ಅವರಿಗೂ ಹೇಳಿ. ಸೂಜಿಯ ವಿಷಯಕ್ಕೆ, ಮಾತ್ರೆ ಬರೆದ ಡಾಕ್ಟರನ್ನು ಮೊದಲು ಕೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕೆಲವರು ಸೂಜಿಗೆ ಸಣ್ಣ ಕರೆಂಟ್ ಹರಿಸುತ್ತಾರಲ್ಲ, ಪೇಸ್‌ಮೇಕರ್ ಇದ್ದರೆ ಅದನ್ನು ಮಾಡಿಸಬೇಡಿ.

ಮತ್ತೊಬ್ಬರು:
ನನ್ನ ಅಣ್ಣನಿಗೆ 67 ಆಯಿತು. ಮೆಡಿಕೇರ್ (ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆ) ಇದಕ್ಕೆ ಕೊಡುತ್ತಾ?

ಉತ್ತರ:
ಮೂಲ ಮೆಡಿಕೇರ್ 2020ರಿಂದ ಅಕ್ಯುಪಂಕ್ಚರ್‌ಗೆ ಕೊಡುವುದು ಬಹಳ ದಿನದ ಸೊಂಟ ನೋವಿಗೆ ಮಾತ್ರ. 90 ದಿನದಲ್ಲಿ 12 ಸಲ, ಗುಣ ಕಂಡರೆ ಇನ್ನೂ 8. ಕತ್ತು ನೋವಿಗೆ ಇಲ್ಲ.

ಬೆಂಗಳೂರಿನಿಂದ ಒಬ್ಬರು:
ಇಲ್ಲಿ ಹೇಗೆ ನೋಡಬೇಕು?

ಉತ್ತರ:
ಭಾರತದಲ್ಲಿ ಕೈರೋಪ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಕೌನ್ಸಿಲ್ ಇಲ್ಲ. ಆದ್ದರಿಂದ ಎಲ್ಲಿ, ಎಷ್ಟು ವರ್ಷ ಓದಿದ್ದಾರೆ ಅಂತ ನೇರವಾಗಿ ಕೇಳಿ. ವಾರದ ಕೋರ್ಸ್ ಮಾಡಿದವರಿಗೆ ಕತ್ತು ಕೊಡಬೇಡಿ. ನಾನಾಗಿದ್ದರೆ ಮೊದಲು ಮೂಳೆ ಡಾಕ್ಟರ್, ಆಮೇಲೆ ಒಳ್ಳೆಯ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೆ.

ಮೊದಲು ಕೇಳಿದವರು:
ಮೇಡಂ, ಆ ಕ್ಲಿನಿಕ್‌ಗೆ ಫೋನ್ ಮಾಡಿದೆ. ಸೂಜಿ ಯಾರು ಹಾಕ್ತಾರೆ ಅಂದರೆ, ಕೈರೋಪ್ರಾಕ್ಟರೇ ಅಂದರು. ವೆಬ್‌ಸೈಟ್‌ನಲ್ಲಿ ಹುಡುಕಿದೆ, ಅವರಿಗೆ ಇರುವುದು ಒಂದೇ ಲೈಸೆನ್ಸ್. ಬೇಡ ಅಂದುಬಿಟ್ಟೆ. ಇಬ್ಬರು ಬೇರೆ ಬೇರೆ ಲೈಸೆನ್ಸ್‌ನವರು ಇರುವ ಇನ್ನೊಂದು ಕಡೆ ಗುರುವಾರ ಸಿಕ್ಕಿದೆ.

ಉತ್ತರ:
ತುಂಬ ಒಳ್ಳೆಯ ಕೆಲಸ ಮಾಡಿದಿರಿ. ಅವರು ತಗೊಳ್ಳುವ ಮಾತ್ರೆಗಳ ಪಟ್ಟಿ, ಹಳೆಯ ಎಕ್ಸ್‌ರೇ ಅಥವಾ ಎಂಆರ್‌ಐ ಇದ್ದರೆ ಅದು, ಎರಡನ್ನೂ ಒಯ್ಯಿರಿ. ನೀವೂ ಒಳಗೆ ಕೂತುಕೊಳ್ಳಿ. ಅಷ್ಟರೊಳಗೆ ಬಲಗೈಯಲ್ಲಿ ಲೋಟ ಜಾರತೊಡಗಿದರೆ ಗುರುವಾರದ ತನಕ ಕಾಯಬೇಡಿ, ಅವತ್ತೇ ಡಾಕ್ಟರ್‌ಗೆ ತೋರಿಸಿ.